ನನಗಿಂತ ಮೊದಲು ನನ್ನ ಮೆಸೇಜು ಓದುವವರಿಗೆ

ಮಾನ್ಯರೇ,

ನೀವು ಯಾರು, ಯಾವ ಊರಿನವರು, ಗೊತ್ತಿಲ್ಲ. ನನ್ನ ಫೋನಿನ ಮೆಸೇಜ್ ಆ್ಯಪ್‌ನಲ್ಲಿ ಜೋಡಿಸಿದ ಸಾಧನಗಳ ಪಟ್ಟಿಯೊಂದಿದೆ. ಅದರಲ್ಲಿ ಒಂದು ವಿಂಡೋಸ್ ಕಂಪ್ಯೂಟರಿದೆ. ನಮ್ಮ ಮನೆಯಲ್ಲಿ ಕಂಪ್ಯೂಟರೇ ಇಲ್ಲ! ಪಹಣಿ ತೆಗೆಸುವಾಗಲೋ, ಅರ್ಜಿ ಹಾಕುವಾಗಲೋ, 'ಫೋನ್ ಒಮ್ಮೆ ಕೊಡಿ' ಎಂದವರು ಕ್ಯೂಆರ್ ಕೋಡ್ ತೋರಿಸಿ ಈ ಸಂಬಂಧ ಕುದುರಿಸಿರಬೇಕು. ಗೂಗಲ್ 2018ರಲ್ಲಿ ಈ ಸೌಲಭ್ಯ ಕೊಟ್ಟದ್ದು ಮೆಸೇಜನ್ನು ಕಂಪ್ಯೂಟರಿನಲ್ಲೂ ಓದಲಿ ಎಂದು. ಓದುವುದು ಯಾರು ಎಂಬ ಅಧಿಕಪ್ರಸಂಗ ಅದು ಮಾಡುವುದಿಲ್ಲ.

ನಿಮ್ಮ ಅನುಕೂಲ ಕಂಡು ನನಗೆ ಹೊಟ್ಟೆಕಿಚ್ಚು. ಕೊಲ್ಲಮೊಗ್ರಿನ ನಮ್ಮ ಮನೆಗೆ ಫೈಬರ್ ಬಂದಿದೆ, ಟವರಿನ ಸಿಗ್ನಲ್ ಬಂದಿಲ್ಲ. ವಿಡಿಯೋ ಕಾಲ್‌ನಲ್ಲಿ ಮೊಮ್ಮಗಳಿಗೆ ಹಲ್ಲು ಬಂದದ್ದು ಕಾಣುತ್ತದೆ, ಬ್ಯಾಂಕಿನ ಓಟಿಪಿ ಮಾತ್ರ ಒಳಗೆ ಕಾಲಿಡುವುದಿಲ್ಲ. ನನ್ನ ಫೋನಿಗೆ ಅದು ಟವರಿನ ದಾರಿಯಲ್ಲೇ ಬರಬೇಕಲ್ಲ ಮಾರಾಯ್ರೆ. ಸಿಗ್ನಲಿನ ಒಂದು ಕಡ್ಡಿ ಕಾಣುವುದು ಅಂಗಳದ ಮೂಲೆಯ ಕಂಬದ ಹತ್ತಿರ. ಫೋನನ್ನು ಪ್ಲಾಸ್ಟಿಕ್ ತೊಟ್ಟೆಯಲ್ಲಿ ಕಟ್ಟಿ ಅಲ್ಲಿ ನೇತುಹಾಕಿ ನಾನು ತೋಟಕ್ಕಿಳಿಯುತ್ತೇನೆ. ಮೆಸೇಜು ಬರುತ್ತದೆ, ಬಂದ ಕೂಡಲೇ ಮನೆಯ ವೈಫೈ ಹಿಡಿದು ನಿಮ್ಮಲ್ಲಿಗೆ ಹೊರಡುತ್ತದೆ. ಕೊಳೆರೋಗಕ್ಕೆ ಮದ್ದು ಬಿಟ್ಟು, ಕೈಯ ಮೈಲುತುತ್ತು ತೊಳೆದು ನಾನು ಮೇಲೆ ಬರುವಷ್ಟರಲ್ಲಿ ಓಟಿಪಿಯ ಆಯುಷ್ಯ ಮುಗಿದಿರುತ್ತದೆ. ಮಳೆಗಾಲದಲ್ಲಿ ಕರೆಂಟು ಹೋಗಿ ಟವರೂ ಮಲಗಿದಾಗ ಮಾತ್ರ ನಾವಿಬ್ಬರೂ ಸಮಾನರು.

'ಯಾರಿಗೂ ಹೇಳಬೇಡಿ' ಎಂದು ಪ್ರತಿ ಓಟಿಪಿಯ ಬಾಲದಲ್ಲಿರುತ್ತದೆ, ನೀವೂ ಓದಿರುತ್ತೀರಿ. ಹೇಳದೆ ಇಲ್ಲಿ ಯಾವ ಕೆಲಸ ಆಗುತ್ತದೆ? ಕಿಸಾನ್ ಹಣದ ಇ-ಕೆವೈಸಿಗೆ ಹೋದರೆ ಕೌಂಟರಿನವರಿಗೆ ಹೇಳಬೇಕು. ಗ್ಯಾಸ್ ಜೀಪು ರಸ್ತೆಯಲ್ಲೇ ನಿಲ್ಲುತ್ತದೆ. "ಕೋಡ್ ಎಷ್ಟು ಗೌಡ್ರೇ?" ಎಂದು ಹುಡುಗ ಕೂಗುತ್ತಾನೆ, ನಾನು ತೋಡಿನ ಈಚೆಯಿಂದ ಕೂಗಿ ಹೇಳುತ್ತೇನೆ. ಎರಡು ದಡದವರಿಗೂ ನಮ್ಮ ಸಿಲಿಂಡರಿನ ಗುಟ್ಟು ತಿಳಿಯುತ್ತದೆ.

ಎಸ್ಸೆಮ್ಮೆಸ್ಸನ್ನು ಬೈಯುವಂತಿಲ್ಲ. 1992ರ ಡಿಸೆಂಬರ್ 3ರಂದು ಇಂಗ್ಲೆಂಡಿನಲ್ಲಿ ನೀಲ್ ಪಾಪ್‌ವರ್ತ್ ಎಂಬ ಎಂಜಿನಿಯರ್ ಕಳಿಸಿದ ಮೊದಲನೆಯದು ಬರೀ ಕ್ರಿಸ್‌ಮಸ್ ಶುಭಾಶಯ. ಗುಟ್ಟು ಕಾಯುವ ಕೆಲಸ ಅದಕ್ಕೆ ಯಾರೂ ಹೇಳಿರಲಿಲ್ಲ. ಆಮೇಲೆ ಬ್ಯಾಂಕುಗಳೂ ಸರಕಾರವೂ ಸೇರಿ ಅದರ ಸೊಂಟಕ್ಕೆ ಬೀಗದಕೈ ಗೊಂಚಲು ಸಿಕ್ಕಿಸಿದವು. ಪಾಸ್‌ವರ್ಡ್ ಮರೆತರೆ ಹೊಸದು ಕೊಡಿಸುವುದೂ ಅದೇ. ಬೀಗ ಆರಿಸಿದವರು ಅವರು, ಕಳವಾದರೆ 'ಜಾಗ್ರತೆ ಸಾಲದು' ಅನ್ನಿಸಿಕೊಳ್ಳುವವರು ನಾವು.

ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು 2017ರ ಆಗಸ್ಟ್ 24ರಂದು ಒಮ್ಮತದಿಂದ ಹೇಳಿದ್ದಾರೆ. ಆ ಕೇಸು ಹಾಕಿದ್ದು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು, 2012ರಲ್ಲಿ, ಎಂಬತ್ತು ದಾಟಿದ ವಯಸ್ಸಿನಲ್ಲಿ. ತೀರ್ಪಿನ ಪ್ರತಿ ನಿಮ್ಮ ಕಂಪ್ಯೂಟರಿನಲ್ಲಿ ಸುಲಭವಾಗಿ ತೆರೆದೀತು, ಬಿಡುವಾದಾಗ ನೋಡಿ. ವಾಟ್ಸಾಪ್‌ನಂಥವುಗಳ ವೆಬ್ ಆವೃತ್ತಿ ಆರು ಗಂಟೆಯೊಳಗೆ ತಾನಾಗಿ ಲಾಗೌಟ್ ಆಗಬೇಕೆಂದು ದೂರಸಂಪರ್ಕ ಇಲಾಖೆಯೂ 2025ರ ನವೆಂಬರಿನಲ್ಲಿ ಆದೇಶಿಸಿತು. ನಿಮ್ಮದು ಬಡಪಾಯಿ ಎಸ್ಸೆಮ್ಮೆಸ್ಸಿನ ಕಿಟಕಿ. ಅದನ್ನು ಮುಚ್ಚಲು ನಾನೇ ಬರಬೇಕು.

ಹೇಗೂ ಓದುತ್ತೀರಿ, ಒಂದು ಉಪಕಾರ ಮಾಡಿ. ಮೆಸೇಜು ಕಂಡ ಕೂಡಲೇ ನನ್ನ ಹೆಂಡತಿಗೆ ವಾಟ್ಸಾಪ್ ಮಾಡಿಬಿಡಿ, ಅಡುಗೆಮನೆಯಲ್ಲಿ ವೈಫೈ ಚೆನ್ನಾಗಿದೆ. ನಂಬರ್ ಬರೆಯುವುದಿಲ್ಲ, ನಿಮ್ಮಲ್ಲಿ ಇದ್ದೇ ಇರುತ್ತದೆ.

ಇಂತಿ,
ಕೊಲ್ಲಮೊಗ್ರಿನ ಒಬ್ಬ ಅಡಿಕೆ ಕೃಷಿಕ

ತಾ.ಕ.: ಭಾನುವಾರ ಮಗ ಬೆಂಗಳೂರಿನಿಂದ ಬಂದು ನಿಮ್ಮನ್ನು ಪಟ್ಟಿಯಿಂದ ತೆಗೆಯುತ್ತಾನಂತೆ. ಗ್ಯಾಸ್ ಶನಿವಾರವೇ ಬರುವುದು. ಕೋಡ್ ಅಷ್ಟರೊಳಗೆ ಕಳಿಸಿ.