ಗದ್ದಲೋದಯ ಮೀಮಾಂಸೆ ಅಥವಾ ಪುಂಡ ವಾದ್ಯವೃಂದವೊಂದರ ಉತ್ಕರ್ಷ ಪ್ರಕರಣ

ವಾದ್ಯವೃಂದಗಳು ಮೇಲೇರುವುದಕ್ಕೆ ಬಲ್ಲವರು ಸಾಮಾನ್ಯವಾಗಿ ಮೂರು ಕಾರಣ ಕೊಡುತ್ತಾರೆ: ಸಾಧನೆ, ಗುರುಕೃಪೆ, ಪೂರ್ವಜನ್ಮದ ಸುಕೃತ. ಲಂಡನ್ನಿನ ಸೆಕ್ಸ್ ಪಿಸ್ಟಲ್ಸ್ ಎಂಬ ಪಂಕ್ ರಾಕ್ ತಂಡಕ್ಕೆ ಈ ಮೂರರ ಸೋಂಕೂ ಇದ್ದಂತಿಲ್ಲ. ಆದರೂ 1975ರ ನವೆಂಬರ್‌ನಲ್ಲಿ ಮೊದಲ ಸಲ ವೇದಿಕೆ ಹತ್ತಿದ ಈ ಹುಡುಗರು 1977ರ ನವೆಂಬರ್‌ ಹೊತ್ತಿಗೆ ಬ್ರಿಟನ್ನಿನ ಆಲ್ಬಂ ಪಟ್ಟಿಯ ನೆತ್ತಿಯ ಮೇಲೆ ಕೂತಿದ್ದರು. ಈ ವಿಸ್ಮಯವನ್ನು ಬಿಡಿಸಲು ಇಲ್ಲಿ ‘ಉಚ್ಚಾಟನಾ ಸಿದ್ಧಾಂತ’ವನ್ನು ಮಂಡಿಸಲಾಗಿದೆ. ಅದರ ಸಾರ ಇಷ್ಟು: ತಂಡವೊಂದರ ಎತ್ತರವು ಅದನ್ನು ಕತ್ತು ಹಿಡಿದು ಹೊರದಬ್ಬಿದ ಸಭ್ಯರ ಸಂಖ್ಯೆಗೆ ನೇರ ಅನುಪಾತದಲ್ಲಿರುತ್ತದೆ.

ಸೂತ್ರ 1: ಅಂಗಡಿಯೇ ಗುರುಕುಲ.

ವೃತ್ತಿ: ಚೆಲ್ಸಿಯ ಕಿಂಗ್ಸ್ ರೋಡ್‌ನ 430ನೇ ನಂಬರಿನಲ್ಲಿ ಮಾಲ್ಕಮ್ ಮೆಕ್‌ಲಾರೆನ್ ಮತ್ತು ವಿವಿಯನ್ ವೆಸ್ಟ್‌ವುಡ್ ‘ಸೆಕ್ಸ್’ ಎಂಬ ಬಟ್ಟೆಯಂಗಡಿ ಇಟ್ಟಿದ್ದರು. ಶನಿವಾರ ಅಲ್ಲಿ ಕೆಲಸಕ್ಕೆ ಬರುತ್ತಿದ್ದ ಗ್ಲೆನ್ ಮ್ಯಾಟ್‌ಲಾಕ್ ಬಾಸ್ ಗಿಟಾರಿಗೆ ನಿಂತ. ಸುಮ್ಮನೆ ಸುತ್ತಾಡಲು ಬರುತ್ತಿದ್ದ ಸ್ಟೀವ್ ಜೋನ್ಸ್ ಗಿಟಾರಿಗೆ, ಪಾಲ್ ಕುಕ್ ಡ್ರಮ್ಸಿಗೆ. ವಾದ್ಯಸಂಗ್ರಹದಲ್ಲಿ ಜೋನ್ಸ್ ಆಗಲೇ ಪಳಗಿದ ಕೈ. 1973ರಲ್ಲಿ ಡೇವಿಡ್ ಬೋವಿಯ ಕಾರ್ಯಕ್ರಮವಿದ್ದಾಗ ಹ್ಯಾಮರ್‌ಸ್ಮಿತ್ ಓಡಿಯನ್‌ಗೆ ನುಗ್ಗಿ ಮೈಕು, ಸಲಕರಣೆಗಳನ್ನು ಹೊತ್ತು ತಂದಿದ್ದ. ಶಾಸ್ತ್ರದ ಭಾಷೆಯಲ್ಲಿ ಇದನ್ನು ‘ಪೂರ್ವಸೂರಿಗಳಿಂದ ಸ್ವೀಕಾರ’ ಎನ್ನಬೇಕು.

ಗಾಯಕನ ಆಯ್ಕೆ ಸವಿಸ್ತಾರವಾಗಿ ದಾಖಲಾಗಬೇಕಾದದ್ದು. 1975ರ ಆಗಸ್ಟ್‌ನಲ್ಲಿ ಜಾನ್ ಲೈಡನ್ ಎಂಬ ಹುಡುಗ ಅಂಗಡಿಗೆ ಕಾಲಿಟ್ಟ. ತಲೆಗೂದಲು ಹಸಿರು. ಮೈಮೇಲೆ ಪಿಂಕ್ ಫ್ಲಾಯ್ಡ್ ತಂಡದ ಟಿ-ಶರ್ಟು. ಆದರೆ ಆ ಹೆಸರಿನ ಮೇಲುಗಡೆ ‘ಇವರನ್ನು ಕಂಡರಾಗದು’ ಎಂಬರ್ಥದ ಒಕ್ಕಣೆಯನ್ನು ಅವನೇ ಬರೆದುಕೊಂಡಿದ್ದ. ಅಂಗಡಿಯ ಜ್ಯೂಕ್‌ಬಾಕ್ಸಿನಲ್ಲಿ ಆಲಿಸ್ ಕೂಪರನ ಹಾಡು ಹಾಕಿ, ಇದರ ಜತೆ ಹಾಡು ನೋಡೋಣ ಎಂದರು. ಅವನು ಮೈ ತಿರುಚಿ ಕುಣಿದ, ಕಿರುಚಿದ. ಶ್ರುತಿಯ ಪ್ರಶ್ನೆ ಯಾರೂ ಎತ್ತಲಿಲ್ಲ, ಆಯ್ಕೆಯಾದ. ಅವನ ಹಲ್ಲುಗಳ ಅವಸ್ಥೆ ನೋಡಿ ‘ರಾಟನ್’, ಅಂದರೆ ಹುಳುಕ, ಎಂಬ ಬಿರುದು ಅಂಟಿತು. ಈ ಹಲ್ಲುಗಳನ್ನು ಓದುಗರು ಮುಂದಿನ ಪ್ರಮೇಯಕ್ಕಾಗಿ ನೆನಪಿನಲ್ಲಿಡತಕ್ಕದ್ದು.

ಸೂತ್ರ 2: ಪ್ಲಗ್ ಕಿತ್ತಲ್ಲಿ ಮಂಗಳಾರಂಭ.

ವೃತ್ತಿ: 1975ರ ನವೆಂಬರ್ 6ರಂದು ಸೇಂಟ್ ಮಾರ್ಟಿನ್ಸ್ ಕಲಾಶಾಲೆಯಲ್ಲಿ ತಂಡದ ರಂಗಪ್ರವೇಶ. ಕೆಲವೇ ಹಾಡು ಮುಗಿಯುವಷ್ಟರಲ್ಲಿ ವಿದ್ಯುತ್ ಸಂಪರ್ಕ ತಪ್ಪಿಸಿ ಇಳಿಸಿದರು. ಪ್ರಥಮ ಉಚ್ಚಾಟನೆ ಸಂಪನ್ನವಾಯಿತು. 1976ರ ಜೂನ್ 4ರಂದು ಮ್ಯಾಂಚೆಸ್ಟರಿನ ಲೆಸರ್ ಫ್ರೀ ಟ್ರೇಡ್ ಹಾಲ್‌ಗೆ ಬಂದ ಪ್ರೇಕ್ಷಕರು ಸುಮಾರು ನಲವತ್ತು ಮಂದಿ. ಆ ಮುಷ್ಟಿ ಜನರೊಳಗೇ ಮುಂದೆ ಜಾಯ್ ಡಿವಿಷನ್ ಕಟ್ಟಿದ ಪೀಟರ್ ಹುಕ್ ಮತ್ತು ಬರ್ನಾರ್ಡ್ ಸಮ್ನರ್ ಇದ್ದರು. ಅಂದು ತಾವೂ ಅಲ್ಲಿದ್ದೆವೆಂದು ಆಮೇಲೆ ಹೇಳಿಕೊಂಡವರನ್ನೆಲ್ಲ ಕೂರಿಸಲು ಕ್ರೀಡಾಂಗಣವೇ ಬೇಕಾಗುತ್ತದೆ. ಪುರಾಣ ಬೆಳೆಯುವ ಬಗೆ ಇದು.

ಸೂತ್ರ 3: ದಂತಾತ್ ಉತ್ಕರ್ಷಃ.

ವೃತ್ತಿ: 1976ರ ಡಿಸೆಂಬರ್ 1, ಥೇಮ್ಸ್ ಟೆಲಿವಿಷನ್ನಿನ ‘ಟುಡೇ’ ಕಾರ್ಯಕ್ರಮ, ಜನ ಮನೆಮಂದಿಯೊಡನೆ ಟಿವಿ ಮುಂದೆ ಕೂರುವ ಮುಸ್ಸಂಜೆ ಹೊತ್ತು. ಬರಬೇಕಿದ್ದದ್ದು ಕ್ವೀನ್ ತಂಡ. ಅದರ ಗಾಯಕ ಫ್ರೆಡ್ಡಿ ಮರ್ಕ್ಯುರಿಗೆ ಹಲ್ಲಿನ ಡಾಕ್ಟರ ಬಳಿ ಹೋಗುವುದಿತ್ತೆಂದು ಪ್ರತೀತಿ. ಇದು ದಂತಕಥೆಯೆಂದು ಯಾರಾದರೂ ತಳ್ಳಿಹಾಕಿದರೆ ಅದು ಸಿದ್ಧಾಂತಕ್ಕೆ ಪೋಷಕವೇ. ಹಲ್ಲು ತೋರಿಸಲು ಒಬ್ಬ ಹೋದ, ಹುಳುಕು ಹಲ್ಲಿನವನು ಬಂದ. ನಿರೂಪಕ ಬಿಲ್ ಗ್ರಂಡಿ ಹುಡುಗರನ್ನು ಕೆಣಕುತ್ತಾ, ಕೊನೆಯ ಕೆಲವು ಸೆಕೆಂಡುಗಳಲ್ಲಿ ಇನ್ನೂ ಖಾರವಾದದ್ದೇನಾದರೂ ಹೇಳಿ ಎಂದು ಜೋನ್ಸ್‌ನನ್ನು ಹುರಿದುಂಬಿಸಿದರು. ಜೋನ್ಸ್ ಅತಿಥಿಧರ್ಮ ಪಾಲಿಸಿದ. ನೇರ ಪ್ರಸಾರವಾದ್ದರಿಂದ ಮಾತು ನೇರವಾಗಿ ಊಟದ ಮೇಜಿಗೆ ಬಿತ್ತು.

ಮರುದಿನ ಪತ್ರಿಕೆಗಳ ಮುಖಪುಟವೆಲ್ಲ ಇವರದೇ. ಲಾರಿ ಚಾಲಕನೊಬ್ಬ ಸಿಟ್ಟಿನಲ್ಲಿ ತನ್ನ ಟಿವಿಯನ್ನೇ ಒದ್ದು ಒಡೆದನೆಂದು ‘ಡೈಲಿ ಮಿರರ್’ ವರದಿ ಮಾಡಿತು. ಗ್ರಂಡಿ ಅಮಾನತಾದರು. ಆ ತಿಂಗಳ ಪ್ರವಾಸದ ಕಾರ್ಯಕ್ರಮಗಳಲ್ಲಿ ನಡೆದದ್ದು ಬೆರಳೆಣಿಕೆಯಷ್ಟು. ಡರ್ಬಿಯ ನಗರಸಭಾ ಸದಸ್ಯರು, ಮೊದಲು ನಮ್ಮೆದುರು ಹಾಡಿ ತೋರಿಸಲಿ, ಆಮೇಲೆ ಅನುಮತಿ ಎಂದು ಸಭಾಂಗಣದಲ್ಲಿ ಕಾದು ಕೂತರು. ತಂಡ ಅತ್ತ ತಲೆಯನ್ನೂ ಹಾಕಲಿಲ್ಲ. ವೇಲ್ಸಿನ ಕೇರ್‌ಫಿಲಿಯಲ್ಲಿ ಭಕ್ತರು ಚಿತ್ರಮಂದಿರದ ಹೊರಗೆ ನಿಂತು ಕ್ರಿಸ್‌ಮಸ್ ಭಜನೆ ಹಾಡಿ ಒಳಗಿನ ಗದ್ದಲವನ್ನು ಎದುರಿಸಿದರು. ಜಾಹೀರಾತಿಗೆ ಕಾಸು ಕೊಟ್ಟಿದ್ದರೂ ಇಷ್ಟು ಪ್ರಚಾರ ಸಿಗುತ್ತಿರಲಿಲ್ಲ.

ಸೂತ್ರ 4: ಸದಕ್ಷಿಣಾ ಉಚ್ಚಾಟನೆಯೇ ಉತ್ತಮ.

ವೃತ್ತಿ: 1976ರ ಅಕ್ಟೋಬರ್‌ನಲ್ಲಿ 40,000 ಪೌಂಡ್ ಮುಂಗಡ ಕೊಟ್ಟಿದ್ದ ಇಎಂಐ ಕಂಪನಿ ಜನವರಿಯಲ್ಲಿ ಕೈತೊಳೆದುಕೊಂಡಿತು. 1977ರ ಮಾರ್ಚ್ 10ರಂದು ಬಕಿಂಗ್‌ಹ್ಯಾಮ್ ಅರಮನೆಯ ಹೊರಗೆ ಮೇಜು ಹಾಕಿ ಎ ಅಂಡ್ ಎಂ ಕಂಪನಿಯೊಂದಿಗೆ ಸಹಿ. ವಾರ ತುಂಬುವುದರೊಳಗೆ ಅದೂ ರದ್ದು, ಅಚ್ಚಾಗಿದ್ದ ರೆಕಾರ್ಡುಗಳ ಬಹುಪಾಲು ನಾಶ. ದುಡ್ಡು ಮಾತ್ರ ತಂಡದ ಬಳಿಯೇ ಉಳಿಯಿತು. ಮೇ ತಿಂಗಳಲ್ಲಿ ವರ್ಜಿನ್ ಕಂಪನಿ ಸೇರಿ, ರಾಣಿಯ ಸಿಂಹಾಸನಾರೋಹಣದ ಬೆಳ್ಳಿಹಬ್ಬಕ್ಕೆ ಸರಿಯಾಗಿ ‘ಗಾಡ್ ಸೇವ್ ದ ಕ್ವೀನ್’ ಹೊರತಂದರು. ಬಿಬಿಸಿ ನಿಷೇಧಿಸಿತು, ಹಾಡು ಎರಡನೇ ಸ್ಥಾನಕ್ಕೇರಿತು.

ಇಲ್ಲಿ ಪೂರ್ವಪಕ್ಷ: ‘ಇದೆಲ್ಲ ಬರೀ ಗಲಾಟೆ, ಸಂಗೀತವೆಲ್ಲಿ?’ ಆಕ್ಷೇಪ ನಿಲ್ಲುವುದಿಲ್ಲ. ಮ್ಯಾಟ್‌ಲಾಕ್ ಹೋದ ಮೇಲೆ ಬಂದ ಸಿಡ್ ವಿಷಸ್‌ಗೆ ಬಾಸ್ ನುಡಿಸಲು ಸರಿಯಾಗಿ ಬರುತ್ತಿರಲಿಲ್ಲ, ನಿಜ. ಹಾಗಾಗಿ ಪಟ್ಟಿಯ ನೆತ್ತಿಗೇರಿದ ಆ ಆಲ್ಬಮ್ಮಿನ ಬಹುತೇಕ ಬಾಸನ್ನೂ ಜೋನ್ಸನೇ ನುಡಿಸಿ, ಗಿಟಾರಿನ ಮೇಲೆ ಗಿಟಾರು ಪೇರಿಸಿ ಗೋಡೆಯಂಥ ನಾದ ಎಬ್ಬಿಸಿದ. ನಿರ್ಮಾಪಕರಲ್ಲಿ ಮುಖ್ಯನಾದ ಕ್ರಿಸ್ ಥಾಮಸ್ ಅದಕ್ಕೆ ಮುಂಚೆ ಪಿಂಕ್ ಫ್ಲಾಯ್ಡ್‌ನ ‘ದ ಡಾರ್ಕ್ ಸೈಡ್ ಆಫ್ ದ ಮೂನ್’ ಮಿಕ್ಸಿಂಗ್‌ನಲ್ಲಿ ಕೈಯಾಡಿಸಿದವನು. ಗಾಯಕನ ಟಿ-ಶರ್ಟು ಈ ಬಗ್ಗೆ ಪ್ರತಿಕ್ರಿಯಿಸಿದ್ದಕ್ಕೆ ದಾಖಲೆಯಿಲ್ಲ.

ಸಿದ್ಧಾಂತಕ್ಕೆ ವಿದ್ವನ್ಮುದ್ರೆ ಒತ್ತಿದ್ದು ನ್ಯಾಯಾಲಯ. ಆಲ್ಬಮ್ಮಿನ ಹೆಸರು ಅಶ್ಲೀಲವೆಂದು, 1889ರ ಕಾಯ್ದೆಯ ಅಡಿ, ಅದರ ಪೋಸ್ಟರ್ ಹಾಕಿದ್ದ ನಾಟಿಂಗ್‌ಹ್ಯಾಮ್ ಅಂಗಡಿಯ ಮೇಲೆ ಮೊಕದ್ದಮೆ ಹೂಡಿದರು. ಪ್ರತಿವಾದಿಗಳ ಪರ ಜಾನ್ ಮಾರ್ಟಿಮರ್ ವಾದಿಸಿದರೆ, ಸಾಕ್ಷಿ ಹೇಳಲು ವಿಶ್ವವಿದ್ಯಾಲಯದ ಇಂಗ್ಲಿಷ್ ಪ್ರಾಧ್ಯಾಪಕ ಜೇಮ್ಸ್ ಕಿನ್ಸ್‌ಲಿ ಬಂದು, ಆಕ್ಷೇಪಾರ್ಹ ಪದದ ವಂಶಾವಳಿಯನ್ನು ಹಳೆಯ ಇಂಗ್ಲಿಷಿನಿಂದ ಮೊದಲಾಗಿ ನಿವೇದಿಸಿದರು. ಮ್ಯಾಜಿಸ್ಟ್ರೇಟರು ಒಲ್ಲದ ಮನಸ್ಸಿನಿಂದ ಬಿಡುಗಡೆ ಮಾಡಿದರು. ಅಣಕು ಪ್ರಬಂಧಕಾರರ ಹೊಟ್ಟೆಯ ಮೇಲೆ ಹೀಗೆ ಅಸಲಿ ಪಂಡಿತರೇ ಹೊಡೆದರೆ ಹೇಗೆ?

ಉತ್ಕರ್ಷ ಅಲ್ಲಿಗೆ ತುದಿ ಮುಟ್ಟಿತು. 1978ರ ಜನವರಿ 14ರಂದು ಸ್ಯಾನ್ ಫ್ರಾನ್ಸಿಸ್ಕೋದ ವಿಂಟರ್‌ಲ್ಯಾಂಡ್‌ನಲ್ಲಿ ಹಾಡಿ ತಂಡ ಒಡೆಯಿತು. ಮರುವರ್ಷ ಫೆಬ್ರವರಿಯಲ್ಲಿ ಸಿಡ್ ತೀರಿಕೊಂಡ. ಅನಂತರದ ಮಾಹಿತಿ ಸಿದ್ಧಾಂತಕ್ಕೆ ತೊಡಕಾಗಿದೆ. 2006ರಲ್ಲಿ ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್ ಸನ್ಮಾನಕ್ಕೆ ಕರೆದಾಗ, ತಂಡವೇ ಕೊಳಕು ಬೈಗುಳದ ಓಲೆ ಬರೆದು ಆ ಸಂಸ್ಥೆಯನ್ನು ಉಚ್ಚಾಟಿಸಿತು. ಇದನ್ನು ‘ವಿಪರೀತ ಉಚ್ಚಾಟನೆ’ ಎಂದು ಹೇಗೋ ಒಳಗೆ ತರಬಹುದು. ಆದರೆ 2008ರಲ್ಲಿ, ಯಾರಿಗೂ ಬೆಣ್ಣೆ ಹಚ್ಚಿ ಗೊತ್ತಿಲ್ಲದ ಜಾನಿ ರಾಟನ್, ಹಳ್ಳಿಯ ಜಮೀನ್ದಾರನಂತೆ ಟ್ವೀಡ್ ತೊಟ್ಟು, ಟಿವಿಯಲ್ಲಿ ಕಂಟ್ರಿ ಲೈಫ್ ಬೆಣ್ಣೆಯ ಜಾಹೀರಾತಿಗೆ ನಿಂತ. ಯಾರೂ ಪ್ಲಗ್ ಕೀಳಲಿಲ್ಲ, ಯಾವ ನಗರಸಭೆಯೂ ತಡೆಯಲಿಲ್ಲ. ಇದಕ್ಕೆ ಐದನೆಯ ಸೂತ್ರ ರಚನೆಯಾಗಬೇಕಿದ್ದು, ಸಮರ್ಥ ಪಂಡಿತರಿಂದ ಅರ್ಜಿ ಆಹ್ವಾನಿಸಲಾಗಿದೆ.