ಅಥಾತ ಆಲಿಕಲ್ಲು ಜಿಜ್ಞಾಸಾ

ಶಾಸ್ತ್ರವೆಂದ ಮೇಲೆ ಅನುಬಂಧ ಚತುಷ್ಟಯವಿರಬೇಕು. ವಿಷಯ: ಅಮೆರಿಕದ ಟೆಕ್ಸಸ್ ರಾಜ್ಯದಲ್ಲಿ, ಡಾಲಸ್ ನಗರದ ಬಡಗಣ ಊರುಗಳಾದ ಪ್ಲೇನೊ, ಫ್ರಿಸ್ಕೊಗಳ ಮನೆಗಳ ಮೇಲಿರುವ ಛಾವಣಿ. ಅಧಿಕಾರಿ: ಅಂಥದೊಂದು ಮನೆಯನ್ನು ಮೂವತ್ತು ವರ್ಷದ ಸಾಲದಲ್ಲಿ ಕೊಂಡ ಕನ್ನಡಿಗ. ಸಂಬಂಧ: ಆಲಿಕಲ್ಲು. ಪ್ರಯೋಜನ: ಪುಕ್ಕಟೆ ಹೊಸ ಛಾವಣಿ. ಭಾಷ್ಯಕಾರನಾದ ನಾನು ಮಗನ ಮನೆಗೆ ಆರು ತಿಂಗಳಿಗೆಂದು ಬಂದು, ಕಾರು ಓಡಿಸಲು ಬಾರದೆ, ಕಿಟಕಿಯ ಬಳಿ ಕೂತವನು. ಇದಕ್ಕಿಂತ ಹೆಚ್ಚಿನ ಅರ್ಹತೆ ಹಿಂದಿನ ಭಾಷ್ಯಕಾರರಿಗೂ ಇದ್ದಂತಿಲ್ಲ.

ಇದು ಹೊಸ ಶಾಸ್ತ್ರವೆಂದು ಯಾರೂ ತಿಳಿಯಬಾರದು. ಕುರುದೇಶವನ್ನು ‘ಮಟಚಿ’ ಹಾಳುಗೆಡವಿದ ಪ್ರಸಂಗ ಛಾಂದೋಗ್ಯ ಉಪನಿಷತ್ತಿನಲ್ಲೇ ಇದೆ. ಮಟಚಿ ಎಂದರೇನು? ಶಂಕರರ ಭಾಷ್ಯ ‘ಅಶನಿ’ ಎಂದಿತು. ಅದರ ಜಾಡು ಹಿಡಿದ ಅನುವಾದಕರು ಆಲಿಕಲ್ಲು ಎಂದರು. ಕನ್ನಡ ಬಲ್ಲ ಪಂಡಿತರು ಮಾತ್ರ ಅದು ನಮ್ಮ ‘ಮಿಡಿಚೆ’ಯೇ, ಅಂದರೆ ಮಿಡತೆಯೇ ಎಂದು ಹಟ ಹಿಡಿದರು. ಈ ಜಗಳ ವ್ಯಾಕರಣದ್ದೆಂದು ಇಷ್ಟು ದಿನ ನಂಬಿದ್ದೆ. ಅಲ್ಲ, ವಿಮೆಯದು. ಇಲ್ಲಿನ ಸಾಮಾನ್ಯ ಮನೆ ಪಾಲಿಸಿಯಲ್ಲಿ ಆಲಿಕಲ್ಲಿಗೆ ದುಡ್ಡುಂಟು, ಕ್ರಿಮಿಕೀಟಗಳಿಗಿಲ್ಲ. ಶಂಕರರ ಪಕ್ಷ ಗೆದ್ದರೆ ಕುರುಗಳ ಕ್ಲೇಮು ಪಾಸು. ಕನ್ನಡಿಗರ ಪಕ್ಷ ಗೆದ್ದರೆ ವಜಾ. ನುಡಿಯ ಅಭಿಮಾನಕ್ಕಾಗಿ ಒಂದು ದೇಶವನ್ನೇ ಬೀದಿಗೆ ತಳ್ಳಬೇಕೆ ಎಂಬುದನ್ನು ವಿದ್ವತ್ಸಭೆ ತೀರ್ಮಾನಿಸಲಿ. (ಆಲಿಕಲ್ಲಿನ ಇಂಗ್ಲಿಷ್ ಹೆಸರನ್ನು ಕನ್ನಡ ಲಿಪಿಯಲ್ಲಿ ಬರೆದರೆ ಮಡಿಯುಟ್ಟವರು ಈ ಪುಟ ಮುಟ್ಟಲಾರರು. ಆದ್ದರಿಂದ ಆ ಹೆಸರಿನ ಚರ್ಚೆಯನ್ನು ಕೈಬಿಟ್ಟಿದ್ದೇನೆ.)

ಇನ್ನು ಗಾತ್ರ. ಈ ದೇಶದಲ್ಲಿ ಆಲಿಕಲ್ಲನ್ನು ನಾಣ್ಯದಲ್ಲೂ ಚೆಂಡಿನಲ್ಲೂ ಅಳೆಯುತ್ತಾರೆ. ಮುಕ್ಕಾಲು ಇಂಚು, ಅಂದರೆ ಒಂದು ಸೆಂಟಿನ ನಾಣ್ಯದಷ್ಟಿದ್ದರೆ ‘ತೀವ್ರ’ ಎಂದು ಹವಾಮಾನ ಇಲಾಖೆ ಮೊದಲು ಹೇಳುತ್ತಿತ್ತು. 2010ರಿಂದ ಅದನ್ನು ಒಂದು ಇಂಚಿಗೆ, ಅಂದರೆ ಇಪ್ಪತ್ತೈದು ಸೆಂಟಿನ ಪಾವಲಿಗೆ ಏರಿಸಿತು. ಗಾತ್ರ ಕಾಲಿಂಚು ಬೆಳೆಯುವಷ್ಟರಲ್ಲಿ ಬೆಲೆ ಇಪ್ಪತ್ತೈದು ಪಟ್ಟಾದದ್ದನ್ನು ಛಾವಣಿ ಗುತ್ತಿಗೆದಾರರು ಸರಿಯಾಗಿಯೇ ಗ್ರಹಿಸಿದ್ದಾರೆ. 1995ರ ಮೇ 5ರಂದು ಪಕ್ಕದ ಫೋರ್ಟ್ ವರ್ತ್‌ನಲ್ಲಿ ಮೇಫೆಸ್ಟ್ ಜಾತ್ರೆಗೆ ಸೇರಿದ್ದ ಜನರ ಮೇಲೆ ಸಾಫ್ಟ್‌ಬಾಲ್ ಗಾತ್ರದ ಕಲ್ಲುಗಳು ಬಿದ್ದವು. ನಮ್ಮ ಅಳತೆಯಲ್ಲಿ ದೊಡ್ಡ ಬೇಲದ ಹಣ್ಣು. 2010ರ ಜುಲೈನಲ್ಲಿ ಸೌತ್ ಡಕೋಟಾದ ವಿವಿಯನ್ ಎಂಬ ಊರಲ್ಲಿ ಬಿದ್ದದ್ದು ಎಂಟು ಇಂಚು ಅಗಲ, ಸುಮಾರು 880 ಗ್ರಾಂ ತೂಕ. ಅದಕ್ಕೆ ಹಣ್ಣಿನ ಹೋಲಿಕೆ ಹುಡುಕುವುದು ಆ ಊರಿನವರಿಗೆ ಅವಮಾನ.

ಛಾವಣಿಯ ಸ್ವರೂಪ ತಿಳಿಯದೆ ಮುಂದೆ ಹೋಗುವಂತಿಲ್ಲ. ಬಾಸೆಲ್ ಮಿಷನ್‌ನವರು 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ಹಾಕಿದಂದಿನಿಂದ ನಮ್ಮದು ಬಹುತ್ವವಾದ. ಮಂಗ ಒಂದು ಹೆಂಚು ಒಡೆದರೆ ಒಂದು ಹೆಂಚು ಬದಲು. ಉಳಿದವಕ್ಕೆ ಅದರ ಸೂತಕವಿಲ್ಲ. ಇಲ್ಲಿಯದು ಅದ್ವೈತ. ಗಾಜಿನ ನಾರಿನ ಹಾಳೆಗೆ ಡಾಂಬರು ಬಳಿದು, ಮೇಲೆ ಹರಳು ಮರಳು ಉದುರಿಸಿದ ‘ಶಿಂಗಲ್’ ಎಂಬ ತುಂಡುಗಳನ್ನು ಒಂದಕ್ಕೊಂದು ಅಂಟಿಸಿ ಮೊಳೆ ಹೊಡೆದಿರುತ್ತಾರೆ. ಒಂದು ತುಂಡಿಗೆ ಪೆಟ್ಟಾದರೆ ಇಡೀ ಇಳಿಜಾರಿಗೆ ಪೆಟ್ಟಾಯಿತು ಎಂಬುದು ಗುತ್ತಿಗೆದಾರರ ಮಹಾವಾಕ್ಯ.

ಆಲಿಕಲ್ಲಿನ ಮಳೆ ನಿಂತ ಮರುದಿನ ಯಾರೋ ಬಾಗಿಲು ಬಡಿದರು. “ಅಪ್ಪಾ, ತೆಗೀಬೇಡಿ” ಎಂದು ಮಗ ಮಹಡಿಯಿಂದ ಕೂಗುವಷ್ಟರಲ್ಲಿ ನಾನು ತೆಗೆದಾಗಿತ್ತು. ಕಾಲರಿನ ಟೀ ಶರ್ಟು, ಕೈಯಲ್ಲಿ ಟ್ಯಾಬ್, ಹಿಂದೆ ಏಣಿ ಹೊತ್ತ ಟ್ರಕ್ಕು. ಛಾವಣಿ ಗುತ್ತಿಗೆದಾರ. ತಪಾಸಣೆ ಪುಕ್ಕಟೆ ಎಂದ. ಹತ್ತಿದ, ಇಳಿದ, ಫೋನಿನಲ್ಲಿ ನಲವತ್ತು ಚಿತ್ರ ತೋರಿಸಿದ. ಎಲ್ಲ ಚಿತ್ರಗಳಲ್ಲೂ ನನಗೆ ಕಂಡದ್ದು ಎಳ್ಳು ಚೆಲ್ಲಿದ ಕಪ್ಪು ಚಾಪೆ. “ಇಲ್ಲಿ ನೋಡಿ” ಎಂದು ಬೆರಳಿಟ್ಟ ಮೇಲೆ ಗಾಯ ಕಂಡಿತು. ಬೆರಳು ತೆಗೆದ ಮೇಲೂ ಕಾಣುತ್ತಲೇ ಇತ್ತು. ಪ್ರತ್ಯಕ್ಷ ಪ್ರಮಾಣಕ್ಕೂ ಗುರು ಬೇಕೆಂದು ನನಗೆ ಅಂದು ಮನದಟ್ಟಾಯಿತು. ಈ ರಾಜ್ಯದಲ್ಲಿ ಕ್ಷೌರ ಮಾಡಲು ಸರಕಾರದ ಲೈಸೆನ್ಸ್ ಬೇಕು, ಛಾವಣಿ ಹಾಕಲು ಬೇಡ. ತಲೆಯ ಮೇಲಿನದ್ದಕ್ಕೆ ಇಷ್ಟೊಂದು ಕಟ್ಟುನಿಟ್ಟು, ಅದಕ್ಕೂ ಮೇಲಿನದ್ದಕ್ಕೆ ಇಷ್ಟೊಂದು ಸಡಿಲ ಏಕೋ.

ವಾರದ ಮೇಲೆ ವಿಮೆಯ ಕಡೆಯಿಂದ ನಷ್ಟ ಅಳೆಯುವ ಅಡ್ಜಸ್ಟರ್ ಬಂದ. ಅವನು ಸೀಮೆಸುಣ್ಣದಲ್ಲಿ ಹತ್ತಡಿಗೆ ಹತ್ತಡಿ ಚೌಕ ಬರೆದು ಅದರೊಳಗಿನ ಪೆಟ್ಟುಗಳನ್ನಷ್ಟೇ ಎಣಿಸುತ್ತಾನೆ. ಅನ್ನ ಬೆಂದಿದೆಯೇ ಎಂದು ಒಂದು ಅಗುಳು ಹಿಚುಕಿ ನೋಡುವ ಸ್ಥಾಲೀಪುಲಾಕ ನ್ಯಾಯವೇ ಇದು. ತಕರಾರೇನೆಂದರೆ, ಅಗುಳನ್ನು ಯಾರು ಆರಿಸಬೇಕು? ಗುತ್ತಿಗೆದಾರ ತಳ ಹಿಡಿದ ಅಗುಳನ್ನು ತೋರಿಸುತ್ತಾನೆ, ಅಡ್ಜಸ್ಟರ್ ಮೇಲಿನದ್ದನ್ನು ಹಿಚುಕುತ್ತಾನೆ. ಗುತ್ತಿಗೆದಾರನ ನೆಚ್ಚಿನ ಪ್ರಮಾಣ ಅರ್ಥಾಪತ್ತಿ: ಹಗಲು ಉಣ್ಣದ ದೇವದತ್ತ ದಪ್ಪಗಿದ್ದರೆ ರಾತ್ರಿ ಉಣ್ಣುತ್ತಾನೆಂದೇ ಅರ್ಥ, ಈಗ ಸೋರದ ಛಾವಣಿ ಮುಂದೆ ಸೋರುತ್ತದೆಂದೇ ಅರ್ಥ. ಅಡ್ಜಸ್ಟರನ ನೆಚ್ಚಿನದು ಅನುಪಲಬ್ಧಿ: ಕಾಣಲಿಲ್ಲ, ಆದ್ದರಿಂದ ಇಲ್ಲ. ಕಂಡರೂ ಅದು ‘ಬರಿಯ ಅಂದಗೇಡು’ ಎಂದು ಹೇಳುವ ಉಪಾಯ ಅವನ ಬಳಿ ಬೇರೆ ಇದೆ. ಗುತ್ತಿಗೆದಾರ ಮನೆಯವರ ಪರವಾಗಿ ಈ ವಾದಕ್ಕಿಳಿಯುವಂತಿಲ್ಲ, ಛಾವಣಿ ಹಾಕುವವನೇ ಕ್ಲೇಮಿನ ಚೌಕಾಸಿ ಮಾಡಬಾರದು ಎಂಬ ಕಾನೂನನ್ನು ಟೆಕ್ಸಸ್‌ನ ಸುಪ್ರೀಂ ಕೋರ್ಟು 2024ರ ಜೂನ್‌ನಲ್ಲಿ ಎತ್ತಿಹಿಡಿಯಿತು. ಆದ್ದರಿಂದ ಆತ ಏಣಿಯ ಬುಡದಲ್ಲಿ ನಿಂತು ಮೌನವಾಗಿ ಅರ್ಥಾಪತ್ತಿ ಮಾಡುತ್ತಿದ್ದ.

ಶಾಸ್ತ್ರದ ಹೃದಯ ಡಿಡಕ್ಟಿಬಲ್ ಪ್ರಕರಣ. ನಷ್ಟದಲ್ಲಿ ಮನೆಯವನು ಮೊದಲು ತನ್ನ ಕೈಯಿಂದ ತೆರಬೇಕಾದ ಪಾಲು ಅದು. ಇಲ್ಲಿ ಆಲಿಕಲ್ಲಿಗೆ ಅದನ್ನು ಮನೆಯ ವಿಮಾ ಮೊತ್ತದ ಶೇಕಡಾ ಒಂದೋ ಎರಡೋ ಎಂದು ಕಟ್ಟುತ್ತಾರೆ. ನಾಲ್ಕು ಲಕ್ಷ ಡಾಲರ್ ವಿಮೆಗೆ ಎರಡರಂತೆ ಎಂಟು ಸಾವಿರ. ಛಾವಣಿಗೆ ಪೆಟ್ಟು, ಲೆಕ್ಕ ಮಾತ್ರ ಇಡೀ ಮನೆಯದು. “ಅದನ್ನು ನಾವೇ ನುಂಗಿಕೊಳ್ಳುತ್ತೇವೆ” ಎನ್ನುವ ಗುತ್ತಿಗೆದಾರರು ಬಹುಕಾಲ ಬೀದಿ ಬೀದಿ ಸುತ್ತಿದರು. ನುಂಗಿದ್ದು ಎಲ್ಲಿ ಹೋಗುತ್ತದೆ ಎಂದು ತಿಳಿಯಲು ಬಾದಾಮಿಯವರನ್ನು ಕೇಳಬೇಕು. ಅಲ್ಲಿ ರಾಕ್ಷಸ ವಾತಾಪಿ ಮೇಕೆಯಾಗಿ ಬೆಂದು ಅತಿಥಿಯ ಹೊಟ್ಟೆ ಸೇರುತ್ತಿದ್ದ, ಇಲ್ವಲ ಕರೆದೊಡನೆ ಹೊಟ್ಟೆ ಬಗೆದು ಹೊರಬರುತ್ತಿದ್ದ. ಹಾಗೆಯೇ ನುಂಗಿದ ಎಂಟು ಸಾವಿರ ಎಸ್ಟಿಮೇಟಿನಲ್ಲಿ ಬೆಂದು ವಿಮಾ ಕಂಪನಿಯ ಹೊಟ್ಟೆ ಸೇರಿ, ಸಪ್ಲಿಮೆಂಟ್ (ಹೆಚ್ಚುವರಿ ಕ್ಲೇಮು) ಎಂದು ಕರೆದೊಡನೆ ಹೊರಬರುತ್ತಿತ್ತು. ಮುಂದಿನ ವರ್ಷ ಎಲ್ಲರ ಪ್ರೀಮಿಯಂ ಏರುತ್ತಿತ್ತು. ಇದನ್ನು ಅರಗಿಸುವ ಅಗಸ್ತ್ಯರು ಬಂದದ್ದು 2019ರ ಸೆಪ್ಟೆಂಬರ್ 1ರಂದು, ಕಾಯಿದೆಯ ರೂಪದಲ್ಲಿ. ಅಂದಿನಿಂದ ಡಿಡಕ್ಟಿಬಲ್ ಮನ್ನಾ ಮಾಡುವ ಗುತ್ತಿಗೆದಾರನಿಗೆ ಎರಡು ಸಾವಿರ ಡಾಲರ್‌ವರೆಗೆ ದಂಡ, 180 ದಿನದವರೆಗೆ ಜೈಲು. ಮನೆಯವನು ಪಾಲು ಕೊಟ್ಟದ್ದಕ್ಕೆ ವಿಮೆಯವರು ರುಜುವಾತು ಕೇಳಬಹುದು. ಆದರೂ ಬೀದಿಯಲ್ಲಿ ಮೇಕೆಯ ವಾಸನೆ ಪೂರ್ತಿ ಹೋಗಿಲ್ಲ. ಬೋರ್ಡು ನೆಡಲು ಅಂಗಳ ಕೊಟ್ಟರೆ ‘ಜಾಹೀರಾತು ಸಂಭಾವನೆ’ ಕೊಡುತ್ತೇನೆಂದು ನಮ್ಮ ಗುತ್ತಿಗೆದಾರ ಪಿಸುಗುಟ್ಟಿದ.

ಚೆಕ್ ಪ್ರಕರಣದಲ್ಲಿ ಕಂಪನಿ ಬೌದ್ಧರ ಕ್ಷಣಿಕವಾದಕ್ಕೆ ಹೊರಳುತ್ತದೆ. ಛಾವಣಿ ಕ್ಷಣಕ್ಷಣವೂ ಸವೆಯುತ್ತದೆ. ಹೊಸದಕ್ಕೆ ಇಪ್ಪತ್ತು ಸಾವಿರ ಎಂದಿಟ್ಟುಕೊಳ್ಳಿ. ಇಪ್ಪತ್ತೈದು ವರ್ಷದ ಆಯುಸ್ಸಿನಲ್ಲಿ ಹತ್ತು ಕಳೆದಿದ್ದರೆ ಸವಕಳಿ ಎಂಟು ಸಾವಿರ, ಡಿಡಕ್ಟಿಬಲ್ ಎಂಟು ಸಾವಿರ, ಕೈಗೆ ಬರುವ ಮೊದಲ ಚೆಕ್ಕು ನಾಲ್ಕು ಸಾವಿರ. ಅದರ ಮೇಲೂ ಸಾಲ ಕೊಟ್ಟ ಬ್ಯಾಂಕಿನ ಹೆಸರು ಜೊತೆಗಿರುತ್ತದೆ. ತಡೆಹಿಡಿದ ಸವಕಳಿಯ ಹಣ ಸಿಗುವುದು ಕೆಲಸ ಮುಗಿದು ಬಿಲ್ಲು ಸಲ್ಲಿಸಿದ ಮೇಲೆ.

ಈ ಎರಡನೆಯ ಕಂತಿಗೆ ಶ್ರುತಿಪ್ರಮಾಣವುಂಟೇ ಎಂದು ಮಗ ಕೇಳಿದ. ಉಂಟು. ಮಟಚಿ ಹೊಡೆದ ಅದೇ ಕುರುದೇಶದಲ್ಲಿ ಉಷಸ್ತಿ ಚಾಕ್ರಾಯಣನೆಂಬ ಋಷಿ ಹಸಿದು, ಉಳ್ಳವನೊಬ್ಬ ತಿನ್ನುತ್ತಿದ್ದ ಕಾಳನ್ನು ಬೇಡಿ ತಿಂದ. ನೀರು ಕೊಟ್ಟರೆ ಎಂಜಲೆಂದು ಬೇಡವೆಂದ. ಕಾಳಿಗೆ ಕವರೇಜ್, ನೀರಿಗಿಲ್ಲ. ಮಿಕ್ಕ ಕಾಳನ್ನು ಹೆಂಡತಿಗೆ ತಂದುಕೊಟ್ಟ. ಆಕೆ ಆಗಲೇ ಉಂಡಿದ್ದಳು, ತೆಗೆದಿಟ್ಟಳು. ಬೆಳಿಗ್ಗೆ ಅವನು ರಾಜನ ಯಜ್ಞಕ್ಕೆ ಹೊರಡುವಾಗ, ಬಿಲ್ಲು ಕೇಳದೆ, ಫೋಟೊ ಕೇಳದೆ, ಅದೇ ಕಾಳನ್ನು ಅವನ ಮುಂದಿಟ್ಟಳು.