ಛಿನ್ನರುಹಾ ಮೀಮಾಂಸೆ ಅರ್ಥಾತ್ ಹಿತ್ತಲ ಗ್ವಾಡಿಯ ಬಳ್ಳಿ ಕೀಳುವ ಶಾಸ್ತ್ರ

ನೇಸರಗಿಯ ನಮ್ಮ ಮನೆಯ ಹಿತ್ತಲಲ್ಲಿ, ಪೂರ್ವ ದಿಕ್ಕಿಗೆ, ಒಂದು ಗೋಡೆ ಇದೆ ಎಂಬುದು ಹಿರಿಯರಿಂದ ಬಂದ ಮಾತು. ಕಣ್ಣಾರೆ ಕಂಡವರು ಕಡಿಮೆ. ಕಾಣುವುದು ಅಮೃತಬಳ್ಳಿ ಮಾತ್ರ. ಗೋಡೆ ಇದೆ ಎನ್ನುವುದಕ್ಕೆ ಈಗ ಉಳಿದಿರುವ ಪ್ರಮಾಣಗಳು ಎರಡು: ಪಂಚಾಯತಿ ಉತಾರದಲ್ಲಿ ಬರೆದ ಚಕ್ಕುಬಂದಿ ಒಂದು, ಬೆಕ್ಕು ಅದರ ಮೇಲೆ ನಡೆದೂ ಬೀಳದಿರುವುದು ಇನ್ನೊಂದು. ಮೊದಲನೆಯದು ಶಬ್ದಪ್ರಮಾಣ, ಎರಡನೆಯದು ಅನುಮಾನಪ್ರಮಾಣ. ಪ್ರತ್ಯಕ್ಷಪ್ರಮಾಣ ಒದಗಿಸುವುದೇ ಈ ಪ್ರಬಂಧದ ಉದ್ದೇಶ. ನನ್ನ ಹೆಂಡತಿಯ ಉದ್ದೇಶವೂ ಅದೇ.

ಈ ವಿಷಯದಲ್ಲಿ ಪೂರ್ವಸೂರಿಗಳು ನಮಗೆ ಕೈಕೊಟ್ಟಿದ್ದಾರೆ. ಇಂಗ್ಲಿಷ್ ತೋಟಗಾರಿಕೆಯ ಪುಸ್ತಕಗಳಲ್ಲಿ ಐವಿ ಕೀಳುವ ಉಪಾಯ ಬೇಕಾದಷ್ಟಿದೆ. ಆದರೆ ಐವಿ ತಂಪು ಸೀಮೆಯದು, ಗೋಡೆಗೆ ಸಣ್ಣ ಬೇರು ಅಂಟಿಸಿ ಏರುವಂಥದ್ದು. ನಮ್ಮದು ಅಂಟುವುದಿಲ್ಲ, ಸುತ್ತಿಕೊಳ್ಳುತ್ತದೆ. ಮೊದಲು ಬೇವಿನ ಗಿಡ ಏರಿ, ಅಲ್ಲಿಂದ ಗೋಡೆಯ ಮೇಲಿನ ಮುಳ್ಳುತಂತಿಗೆ ದಾಟಿ, ಎರಡೂ ಕಡೆ ಇಳಿಬೀಳುತ್ತದೆ. ರಟ್ಟರ ನಾಲ್ಕನೆಯ ಕಾರ್ತವೀರ್ಯನ ಕಾಲದ ನೇಸರಗಿ ಶಾಸನವನ್ನು ಫ್ಲೀಟ್ ಸಾಹೇಬರು ಓದಿ ಅಚ್ಚು ಹಾಕಿಸಿದ್ದಾರೆ. ಅಲ್ಲಿ ದಾನದತ್ತಿಯ ಮಾತಿದೆ, ಬಳ್ಳಿ ಕೀಳುವ ಕ್ರಮವಿಲ್ಲ. ಇನ್ನು ಕವಿಗಳು ಬಳ್ಳಿಯನ್ನು ಹೆಣ್ಣಿನ ನಡುವಿಗೆ ಹೋಲಿಸಿಕೊಂಡು ಬಂದರು. ಅವರಿಗೆ ಹಿತ್ತಲು ಇರಲಿಲ್ಲವೆಂದು ತೋರುತ್ತದೆ.

ನಿಘಂಟುಕಾರರು ಮಾತ್ರ ಪ್ರಾಮಾಣಿಕರು. ಅಮೃತಬಳ್ಳಿಗೆ ಸಂಸ್ಕೃತದಲ್ಲಿ ಗುಡೂಚಿ, ಅಮೃತಾ, ಮಧುಪರ್ಣಿ ಎಂಬ ಹೆಸರುಗಳ ಜೊತೆಗೆ ‘ಛಿನ್ನರುಹಾ’ ಎಂದೂ ಇದೆ. ಕಡಿದರೆ ಬೆಳೆಯುವುದು ಎಂದು ಅರ್ಥ. ಇಷ್ಟು ಸ್ಪಷ್ಟವಾಗಿ ಮೊದಲೇ ಹೇಳಿದ್ದನ್ನು ನಾನು ಕಡಿದಾದ ಮೇಲೆ ಓದಿದೆ. ವಿದ್ವತ್ತಿನ ಇತಿಹಾಸದಲ್ಲಿ ಇದೇನು ಹೊಸತಲ್ಲ.

ಕೀಳುವ ಕ್ರಮದಲ್ಲಿ ನಮ್ಮ ಓಣಿಯಲ್ಲಿ ಮೂರು ಪಂಥಗಳಿವೆ. ನೆಲದಿಂದ ಗೇಣು ಮೇಲೆ ಕುಡಗೋಲು ಹಾಕಿದರೆ ಮೇಲಿನದು ತಾನೇ ಒಣಗುತ್ತದೆ ಎನ್ನುವವರು ಬುಡಕಡಿ ಪಂಥದವರು. ಜಗ್ಗು ಪಂಥದವರಿಗೆ ಆಯುಧ ಬೇಡ. ಎರಡು ಕೈ, ಒಂದು ಉಸಿರು ಸಾಕು. ಮೂರನೆಯದು ‘ಇರ್ಲಿಬಿಡು’ ಪಂಥ. ಇದರಲ್ಲೇ ಮಂದಿ ಹೆಚ್ಚು. ಬಹುತೇಕರು ಮೊದಲೆರಡು ಪಂಥಗಳಲ್ಲಿ ಸೊಂಟ ಹಿಡಿಸಿಕೊಂಡು ಬಂದವರು.

ನಾನು ಜಗ್ಗಿದೆ. ಬಳ್ಳಿ ಬರಲಿಲ್ಲ. ಗೋಡೆಯ ಎರಡು ಕಲ್ಲು, ಒಂದು ಬುಟ್ಟಿ ಮಣ್ಣು ಮತ್ತು ನಾನು ಕೆಳಗೆ ಬಂದೆವು. ಈ ಘಟ್ಟದಲ್ಲಿ ನೆರೆಯ ಕಿತ್ತೂರಿನ ಇತಿಹಾಸವನ್ನು ನೆನೆಯುವುದು ಸಂಶೋಧಕನ ಧರ್ಮ. 1824ರ ಅಕ್ಟೋಬರ್ 23ರಂದು ಈಸ್ಟ್ ಇಂಡಿಯಾ ಕಂಪನಿಯ ಥ್ಯಾಕರೆ ಸಾಹೇಬ ಕೋಟೆಯ ಮುಂದೆ ಬಂದು ಜೀವ ಕಳೆದುಕೊಂಡ. ಕಂಪನಿಯವರು ಡಿಸೆಂಬರಿನಲ್ಲಿ ದೊಡ್ಡ ದಂಡು ಕಟ್ಟಿಕೊಂಡು ತಿರುಗಿ ಬಂದರು. ನಾನೂ ಮರುವಾರ ಇಬ್ಬರು ಆಳು, ಕೊಡ್ಲಿ, ಹಾರಿ, ನಿಚ್ಚಣಿಕೆ ಕಟ್ಟಿಕೊಂಡು ತಿರುಗಿ ಬಂದೆ. ಹೋಲಿಕೆಯಲ್ಲಿ ನಾನು ಇಂಗ್ರೇಜಿಯವರ ಕಡೆ ಬಿದ್ದದ್ದು ಬೈಲಹೊಂಗಲ ತಾಲೂಕಿನವನಾದ ನನಗೂ ಸಂಕಟದ ಸಂಗತಿಯೇ.

ಬುಡ ಕಡಿದದ್ದಾಯಿತು. ತುಂಡುಗಳನ್ನು ತಿಪ್ಪೆಗೆ ಒಗೆಯುವ ಹೊತ್ತಿಗೆ ಆಳು ನಿಂತ.

“ಸಾವಕಾರ್ರ, ಇದು ಅಮೃತಬಳ್ಳಿ ಐತ್ರಿ. ನಮ್ಮವ್ವಗ ಸಕ್ಕರಿ ಕಾಯಿಲೆ. ಎರಡ ತುಂಡ ಒಯ್ಯಲೇನ್ರಿ?”

ಒಯ್ಯಿ ಎಂದೆ. ಅಷ್ಟರಲ್ಲಿ ಬಳ್ಳಿಯ ಆಚೆಯಿಂದ ಪಕ್ಕದ ಮನೆ ಕಾಕಾನ ದನಿ: “ತಮ್ಮಾ, ಎಲ್ಲಾ ಒಗೀಬ್ಯಾಡೋ. ಬೇವಿನ ಗಿಡಕ್ಕ ಹಬ್ಬಿದ್ದು ಭಾಳ ಚಲೋ ಅಂತಾರ. ನಂಗೊಂದ ಮೊಳ ಇಡು, ಸಂಜಿಕ ಒಯ್ತೇನಿ.”

ಗೋಡೆಯ ಮೇಲೆ ಇಟ್ಟೆ. ಓಣಿಯ ಇನ್ನೂ ನಾಲ್ಕು ಮಂದಿ ಹೀಗೇ ಹೇಳಿ ಇಡಿಸಿದರು. ಯಾರೂ ಒಯ್ಯಲಿಲ್ಲ. ಅವು ಇಟ್ಟಲ್ಲೇ ಚಿಗುರಿದವು.

ಮೇಲೆ ಉಳಿದ ಬಳ್ಳಿಯ ಕಥೆ ಇನ್ನೂ ಸೂಕ್ಷ್ಮ. ಅದು ಹೆಬ್ಬೆರಳು ದಪ್ಪ. ತೊಗಟೆ ಉಳ್ಳಾಗಡ್ಡಿ ಸಿಪ್ಪೆಯ ಹಾಗೆ ತೆಳ್ಳಗೆ ಸುಲಿಯುತ್ತದೆ, ಒಳಗೆ ಹಸಿರು. ಕಡಿದ ಮೈ ನೋಡಿದರೆ ಚಕ್ಕಡಿಯ ಗಾಲಿ, ಎಣಿಸಬಹುದಾದ ಅರೆಗಳು. ನೆಲದ ನಂಟು ಕಡಿದ ವಾರದಲ್ಲಿ ಎಲೆ ಬಾಡಿದವು. ನಾನು ಚಹಾ ಕುಡಿಯುತ್ತ ವಿಜಯ ಸವಿದೆ. ಆಮೇಲೊಂದು ಮುಂಜಾನೆ ಮೇಲಿನಿಂದ ಹೊಲಿಗೆ ದಾರದಷ್ಟು ಸಣ್ಣ ಬೇರೊಂದು ಗಾಳಿಯಲ್ಲಿ ತೂಗುತ್ತಿತ್ತು. ದಿನಾ ಅದರ ತುದಿಯ ನೇರಕ್ಕೆ ಗೋಡೆಗೆ ಇದ್ದಿಲಿನಿಂದ ಗೀಟು ಹಾಕಿದೆ. ಗೀಟು ಕೆಳಗಿಳಿಯುತ್ತ ಹೋದವು. ಸಂಕ್ರಾಂತಿ ಮುಗಿಯುವುದರೊಳಗೆ ದಾರ ನೆಲ ಮುಟ್ಟಿ, ಬುಡವಾಗಿ ಕೂತಿತು. ಕಡಿದ ಹಳೆಯ ಮೋಟು ಬೇರೆ ಪ್ರತ್ಯೇಕ ಸಂಸಾರ ಹೂಡಿತ್ತು. ಒಂದು ಬಳ್ಳಿಯನ್ನು ನಾಶ ಮಾಡಹೋಗಿ ಎರಡು ಮಾಡಿದ್ದು ನನ್ನ ಮೂಲ ಕೊಡುಗೆ.

ಗೋಡೆ ಪೂರ್ತಿ ಬೋಳಾದದ್ದು ಒಂದೇ ಸಲ, 2020ರಲ್ಲಿ. ಕೊರೋನಾ ಬಂತು, ಕಷಾಯದ ಮಾತೆದ್ದಿತು, ಆಯುಷ್ ಸಚಿವಾಲಯವೂ ಗುಡೂಚಿಯ ಹೆಸರು ಹೇಳಿತು. ಲಾಕ್‌ಡೌನಿನಲ್ಲಿ ಹೊರಗೆ ಬರಬಾರದ ಮಂದಿ ನಸುಕಿನಲ್ಲಿ ನಮ್ಮ ಹಿತ್ತಲಿಗೆ ಬಂದರು. ತಿಂಗಳೊಪ್ಪತ್ತಿನಲ್ಲಿ ಎಲೆ, ಕಾಂಡ, ದಾರ ಎಲ್ಲ ಖಾಲಿ. ಪ್ರತ್ಯಕ್ಷಪ್ರಮಾಣ ಸಿಕ್ಕಿತು. ಗೋಡೆಯ ನಡುವೆ ಮೊಳಕೈ ತೂರುವಷ್ಟು ಬಿರುಕು, ಅದರೊಳಗೆ ಕಾಕಾನ ಮನೆಯ ಕೋಳಿಯ ಮೂರು ತತ್ತಿ. ಹೆಂಡತಿ ಸೆರಗು ಬಾಯಿಗಿಟ್ಟು ನೋಡಿ, “ಬಳ್ಳೀನ ಚಲೋ ಇತ್ತ ಬಿಡ್ರಿ” ಎಂದಳು.

2021ರಲ್ಲಿ ಮುಂಬಯಿಯ ವೈದ್ಯರು, ಅಮೃತಬಳ್ಳಿ ಸೇವಿಸಿದ ಕೆಲವರ ಯಕೃತ್ತಿಗೆ ಪೆಟ್ಟು ಬಿದ್ದಿದೆ ಎಂದು ಬರೆದರು. ಆಯುಷ್ ಸಚಿವಾಲಯ ಒಪ್ಪಲಿಲ್ಲ; ಅದೇ ಜಾತಿಯ ಬೇರೊಂದು ಬಳ್ಳಿಯನ್ನು ತಪ್ಪಾಗಿ ಬಳಸಿರಬಹುದು ಎಂದಿತು. ಉಭಯ ಪಕ್ಷಗಳ ವಾದ ಮುಗಿಯುವುದರೊಳಗೆ ನಮ್ಮದು ಮುಳ್ಳುತಂತಿ ಮುಟ್ಟಿತ್ತು.

ಈ ಸಲ ಚಿಗುರಿದ್ದರ ಬುಡ ಕಾಕಾನ ಕಡೆ, ಎಲೆ ನಮ್ಮ ಕಡೆ. ಹಾಗಾದರೆ ಬಳ್ಳಿ ಯಾರದು ಎಂಬುದು ಬೇರೆ ಅಧ್ಯಾಯಕ್ಕೆ ತಕ್ಕ ಪ್ರಶ್ನೆ. ಉತಾರದಲ್ಲಿ ಬಳ್ಳಿಗೆ ಕಲಂ ಇಲ್ಲ. ಕೇಳಹೋದರೆ ಅದಕ್ಕೂ ಪಟ್ಟಿ ಹಾಕಿಯಾರೆಂದು ಕೇಳಿಲ್ಲ.

ಬೇಕಾದವರು ಬೆಳಗಾವಿ–ಬಾಗಲಕೋಟೆ ಬಸ್ಸು ಹಿಡಿದು ನೇಸರಗಿಗೆ ಇಳಿಯಿರಿ. ಎಷ್ಟು ಮೊಳ ಬೇಕಾದರೂ ಕೊಯ್ದುಕೊಳ್ಳಿ, ರೊಕ್ಕ ಬೇಡ. ಕುಡಿಯುವ ಮುಂಚೆ ಡಾಕ್ಟರನ್ನು ಕೇಳಿ. ಕೊಯ್ದದ್ದನ್ನು ಮಾತ್ರ “ಸಂಜಿಕ ಒಯ್ತೇನಿ” ಅಂತ ಗೋಡೆ ಮೇಲೆ ಇಟ್ಟು ಹೋಗಬೇಡಿರಿ.